ರಾಶಿ ಯಂತ್ರದ ಮಸಿ

ಸೋಯಾ ರಾಶಿಯ ಕಾಲಕ್ಕೆ ಔರಾದ್ ಸೀಮೆಯ ಹೊಲಗಳ ಕಡೆ ಬಂದರೆ ದೂರದಿಂದಲೇ ಎರಡು ಮೋಡ ಕಾಣುತ್ತವೆ. ಒಂದು, ಯಂತ್ರದ ಬಾಯಿಂದ ಹಾರುವ ಹೊಟ್ಟಿನ ಧೂಳು. ಇನ್ನೊಂದು, ಆ ಯಂತ್ರವನ್ನು ತಿರುಗಿಸುವ ಟ್ರ್ಯಾಕ್ಟರಿನ ಕಪ್ಪು ಹೊಗೆ. ಡಾಬಕಾದಂಥ ಊರಲ್ಲಿ ಧೂಳಿಗೆಂದು ಮೂಗಿಗೆ ಟವೆಲ್ ಸುತ್ತಿಕೊಳ್ಳುವವರುಂಟು. ಹೊಗೆಯನ್ನು ಮಾತ್ರ ಯಾರೂ ಲೆಕ್ಕಕ್ಕಿಡುವುದಿಲ್ಲ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೈಲೆನ್ಸರಿನ ಒಳಬಾಯಿಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಕಪ್ಪು ಮಸಿ ಅಂಟುತ್ತದೆ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಹಿಡಿದು ತೆಗೆಯುವ ಕಾಡಿಗೆಯೂ ಹೀಗೇ ಕಪ್ಪು, ಅದೂ ಇಂಗಾಲವೇ. ಆದರೆ ಈ ಮಸಿ ಬೆರಳಿಗೆ ಜಿಡ್ಡು ಹತ್ತುತ್ತದೆ, ಡೀಸೆಲ್ ವಾಸನೆ ಬರುತ್ತದೆ. ಕೇಡಿನ ಬೇರು ಆ ಜಿಡ್ಡಿನಲ್ಲಿದೆ.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಅದುಮಿ ಅದುಮಿ ಕಾಯಿಸಿ, ಅದರೊಳಗೆ ಇಂಧನ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಚಿಮ್ಮಿದ ಇಂಧನದ ನಡುಭಾಗಕ್ಕೆ ಗಾಳಿ ಸಾಲದೆ ಅರೆಬೆಂದ ಇಂಗಾಲ ಉಳಿಯುತ್ತದೆ, ಅದೇ ಮಸಿ. ಬೆಂಕಿ ಉಗ್ರವಾಗಿರುವ ಅಂಚಿನಲ್ಲಿ ಗಾಳಿಯದೇ ನೈಟ್ರೋಜನ್ ಆಮ್ಲಜನಕದೊಡನೆ ಕೂಡಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಕಣ್ಣು ಉರಿಸಿ, ಶ್ವಾಸನಾಳ ಕೆರಳಿಸಿ, ಅಸ್ತಮಾ ಇರುವವರನ್ನು ಕಂಗೆಡಿಸುವ ಅನಿಲಗಳಲ್ಲಿ ಇದರದ್ದು ದೊಡ್ಡ ಪಾಲು. ಹೊಗೆಯ ಬಹುಪಾಲು ನೈಟ್ರೋಜನ್, ಆಮ್ಲಜನಕ, ಕಾರ್ಬನ್ ಡೈಆಕ್ಸೈಡ್, ನೀರಾವಿ. ಹಾನಿ ಮಾಡುವುದು ನೂರರಲ್ಲಿ ಒಂದು ಪಾಲೂ ಇರದ ಉಳಿಕೆ.

ಮಸಿಯ ಒಂದೊಂದು ಮಣಿಯೂ ಸುಮಾರು 20–30 ನ್ಯಾನೊಮೀಟರ್. ಮಣಿಗಳು ಸರವಾಗಿ ಕೂಡಿದಾಗಲೂ ತಲೆಗೂದಲಿನ ದಪ್ಪದ ಐನೂರರಲ್ಲಿ ಒಂದು ಪಾಲಿನಷ್ಟು. ಹೊಗೆ ಆರುತ್ತಿದ್ದಂತೆ ಅರೆಬೆಂದ ಡೀಸೆಲ್, ಎಂಜಿನ್ ಎಣ್ಣೆ, ಬೆಂಜೊಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳು ಈ ಸರಕ್ಕೆ ಅಂಟುತ್ತವೆ. ಟವೆಲಿನ ನೇಯ್ಗೆ ಹೊಟ್ಟನ್ನು ತಡೆದೀತು, ಇದನ್ನಲ್ಲ. ಉಸಿರಿನೊಡನೆ ಅದು ಶ್ವಾಸಕೋಶದ ತುತ್ತತುದಿಯ ಗಾಳಿಚೀಲದವರೆಗೂ ಇಳಿಯುತ್ತದೆ.

ಹಾಗಾದರೆ ತಪ್ಪು ಯಾರದು? ಅನಿಲದ್ದೋ, ಇಂಗಾಲದ್ದೋ, ಅಂಟಿದ ಜಿಡ್ಡಿನದ್ದೋ? ಸ್ಕಾಟ್ಲೆಂಡ್ ಮತ್ತು ಸ್ವೀಡನ್ನಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಬಿಡಿಸಿ ನೋಡಿತು. ಆರೋಗ್ಯವಂತರಾದ 16 ಗಂಡಸರು ಬೇರೆ ಬೇರೆ ದಿನ ತೆಳುಗೊಳಿಸಿದ ಡೀಸೆಲ್ ಹೊಗೆ, ಕಣ ಸೋಸಿದ ಹೊಗೆ, ಶುದ್ಧ ಇಂಗಾಲದ ಕಣ, ಶುದ್ಧ ಗಾಳಿ ಸೇವಿಸಿದರು. ಇಡೀ ಹೊಗೆ ಸೇವಿಸಿದಾಗ ರಕ್ತನಾಳಗಳು ಸಲೀಸಾಗಿ ಹಿಗ್ಗಲಾರದಾದವು. ಸೋಸಿದ ಹೊಗೆಯಿಂದಲೂ ಬರೀ ಇಂಗಾಲದಿಂದಲೂ ಹಾಗಾಗಲಿಲ್ಲ. ಅಂದರೆ ಹೃದಯಕ್ಕೆ ಕುತ್ತು ತರುವುದು ಜಿಡ್ಡು ಹೊತ್ತ ಕಣ. ಕ್ಯಾನ್ಸರಿನ ಮಾತೂ ಅನುಮಾನದಲ್ಲಿಲ್ಲ: ಅಮೆರಿಕದ 12,000ಕ್ಕೂ ಹೆಚ್ಚು ಗಣಿ ಕಾರ್ಮಿಕರ ಅಧ್ಯಯನವೂ ಸೇರಿ ಹಲವು ಪುರಾವೆಗಳನ್ನು ತೂಗಿ ನೋಡಿದ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ, 2012ರಲ್ಲಿ ಡೀಸೆಲ್ ಹೊಗೆಯನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ, ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಡೀಸೆಲಿನ ಗಂಧಕವನ್ನು ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಸಿತು. ಗಂಧಕ ಇಳಿದಿದ್ದರಿಂದಲೇ ಹೊಸ ಬಸ್ಸು-ಲಾರಿಗಳ ಕೊಳವೆಗೆ ಕಣ ಹಿಡಿಯುವ ಫಿಲ್ಟರ್ ಕೂರಿಸಲು ಸಾಧ್ಯವಾಯಿತು. ಟ್ರ್ಯಾಕ್ಟರಿನ ನಿಯಮ ಬೇರೆ. ಹೊಲದಲ್ಲಿ ದುಡಿಯುವ ಬಹುತೇಕ ಟ್ರ್ಯಾಕ್ಟರುಗಳಿಗೆ ಆ ಫಿಲ್ಟರ್ ಇಲ್ಲ.

ಆದರೂ ನಮ್ಮ ಕೈಲಿ ಆಗುವುದು ಸಾಕಷ್ಟಿದೆ. ಸೋಯಾ ಧೂಳು ಏರ್ ಫಿಲ್ಟರನ್ನು ಕಟ್ಟಿಬಿಟ್ಟರೆ ಎಂಜಿನ್ನಿಗೆ ಉಸಿರು ಸಾಲದೆ ಹೊಗೆ ಇನ್ನಷ್ಟು ಕಪ್ಪಾಗುತ್ತದೆ. ಮೊದಲ ಮೋಡವೇ ಎರಡನೆಯದನ್ನು ಬೆಳೆಸುತ್ತದೆ. ರಾಶಿಯ ದಿನಗಳಲ್ಲಿ ನಿತ್ಯವೂ ಏರ್ ಫಿಲ್ಟರನ್ನು ಶುಚಿ ಮಾಡಬೇಕು. ಕೆಲಸವಿಲ್ಲದಾಗ ಎಂಜಿನ್ ಆರಿಸಬೇಕು. ಹೊಟ್ಟು ಕಾಳಿನ ಮೇಲೆ ಬೀಳದಿರಲೆಂದು ನಮ್ಮ ರೈತರು ಗಾಳಿ ನೋಡಿಯೇ ಯಂತ್ರ ಹೂಡುತ್ತಾರೆ. ಅದೇ ಗಾಳಿ ಟ್ರ್ಯಾಕ್ಟರಿನ ಹೊಗೆಯನ್ನು ಸಿವುಡು ಎತ್ತಿಕೊಡುವ ಹೆಣ್ಣುಮಕ್ಕಳ ಮುಖಕ್ಕೆ ತಳ್ಳುತ್ತಿದೆಯೇ ಎಂದೂ ಒಮ್ಮೆ ನೋಡಿ, ಆಮೇಲೆ ರಾಶಿ ಶುರು ಮಾಡೋಣ.