ಹಸು ಗೊಡ್ಡೋ, ಹೋರಿ ಗೊಡ್ಡೋ?



ಹಸು ಬೆದೆಗೆ ಬಂತು, ಹೋರಿಗೆ ಬಿಟ್ಟಿರಿ. ಗಬ್ಬ ಕಟ್ಟಲಿಲ್ಲ. ಮೂರು ವಾರಕ್ಕೆ ಮತ್ತೆ ಬೆದೆ. ಹೀಗೆ ಎರಡು ಮೂರು ಸಲ ಆಯಿತೆಂದರೆ, "ಇದು ಗೊಡ್ಡು, ಸಂತೆಗೆ ಹೊಡೀರಿ" ಅಂತ ಮನೆಯಲ್ಲಿ ಮಾತು ಹುಟ್ಟುತ್ತದೆ. ಸ್ವಲ್ಪ ತಾಳಿ. ತಪ್ಪು ಹೋರಿಯದೂ ಇರಬಹುದಲ್ಲ? ಹೋರಿಯಲ್ಲಿ ವೀರ್ಯಾಣು ಹೇಗೆ ಹುಟ್ಟುತ್ತದೆಂದು ಇವತ್ತು ತಿಳಿಯೋಣ.

ದನದ ಜೀವಕೋಶದಲ್ಲಿ 60 ವರ್ಣತಂತುಗಳಿವೆ. ಅರ್ಧ ತಾಯಿಯವು, ಅರ್ಧ ತಂದೆಯವು. ಅವುಗಳ ಮೇಲೆ ಜೀನುಗಳು ಸಾಲಾಗಿವೆ. ಆದರೆ ಕೆರೆಯಲ್ಲಿ ನೀರಿದ್ದರೆ ಸಾಲದು. ಯಾವ ತೂಬನ್ನು ಯಾವಾಗ ಎತ್ತಬೇಕೆಂದು ಬಲ್ಲ ನೀರಗಂಟಿ ಬೇಕು. ಜೀನುಗಳಿಗೂ ಹಾಗೆಯೇ. ಕೆಲವು ಪ್ರೋಟೀನುಗಳು ಜೀನಿನ ಬಳಿ ಕುಳಿತು, ಬೇಕಾದದ್ದನ್ನು ತೆರೆಯುತ್ತವೆ, ಬೇಡವಾದದ್ದನ್ನು ಮುಚ್ಚುತ್ತವೆ.

ಹಸು ಗಬ್ಬವಾದ ಮೊದಲ ಸುಮಾರು 40 ದಿನ, ಹೊಟ್ಟೆಯ ಕರು ಹೆಣ್ಣೋ ಗಂಡೋ ನೋಡಿ ಹೇಳಲಾಗದು. ವೃಷಣವೂ ಆಗಬಲ್ಲ, ಅಂಡಾಶಯವೂ ಆಗಬಲ್ಲ ಒಂದೇ ಗ್ರಂಥಿ ಅಲ್ಲಿರುತ್ತದೆ. ತಂದೆಯಿಂದ ವೈ ವರ್ಣತಂತು ಬಂದಿದ್ದರೆ, ಅದರ ಮೇಲಿನ ಎಸ್‌ಆರ್‌ವೈ ಎಂಬ ಜೀನು ಎಚ್ಚರಗೊಳ್ಳುತ್ತದೆ. ಅದರ ಪ್ರೋಟೀನು ಮೊದಲ ನೀರಗಂಟಿ. ಅದು ಸಾಕ್ಸ್-9 ಎಂಬ ಎರಡನೆಯ ನೀರಗಂಟಿಯನ್ನು ಎಬ್ಬಿಸುತ್ತದೆ. ಆಗ ಸರ್ಟೋಲಿ ಕೋಶಗಳು ರೂಪುಗೊಂಡು ವೃಷಣ ಬೆಳೆಯುತ್ತದೆ.

ಲಂಡನ್ನಿನ ವಿಜ್ಞಾನಿಗಳು ಈ ಜೀನನ್ನು 1990ರಲ್ಲಿ ಕಂಡುಹಿಡಿದರು. 1991ರಲ್ಲಿ, ಹೆಣ್ಣಾಗಬೇಕಿದ್ದ ಇಲಿಯ ಭ್ರೂಣಕ್ಕೆ ಅದನ್ನು ಸೇರಿಸಿದಾಗ ಇಲಿ ಗಂಡಾಗಿಯೇ ಬೆಳೆಯಿತು. ಆದರೆ ಅದರ ವೃಷಣದಲ್ಲಿ ವೀರ್ಯಾಣು ಮಾತ್ರ ಹುಟ್ಟಲಿಲ್ಲ! ನೋಡಿದಿರಾ, ವೃಷಣ ಕಟ್ಟುವುದು ಒಂದು ಕೆಲಸ, ವೀರ್ಯಾಣು ಮಾಡುವುದು ಇನ್ನೊಂದು.

ಈ ಎರಡನೆಯ ಕೆಲಸಕ್ಕೆ ಹೋರಿಯಲ್ಲಿ ಸುಮಾರು 61 ದಿನ ಬೇಕು. ಸರ್ಟೋಲಿ ಕೋಶಗಳು ತಾಯಿಯ ಹಾಗೆ ಸಾಕುತ್ತವೆ. ಹಂತಹಂತಕ್ಕೂ ಬೇರೆಬೇರೆ ನೀರಗಂಟಿ ಪ್ರೋಟೀನುಗಳು ಕಾಯುತ್ತವೆ. ಇಷ್ಟೆಲ್ಲ ನಡೆಯಬೇಕಾದರೆ ವೃಷಣವು ಮೈಗಿಂತ 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಾಗಿರಬೇಕು. ಅದಕ್ಕೇ ಅದು ಹೊರಗೆ ಜೋತಿರುವುದು. ಜ್ವರ ಬಂದರೆ, ಉರಿಬಿಸಿಲಲ್ಲಿ ದಿನವಿಡೀ ಕಟ್ಟಿದರೆ, ಬೆಳೆಯುತ್ತಿರುವ ವೀರ್ಯಾಣು ಕೆಡುತ್ತದೆ. ಅದರ ಫಲ ಅಂದೇ ಕಾಣದು, ವಾರಗಳ ಮೇಲೆ ಕಾಣುತ್ತದೆ. ಅಷ್ಟರಲ್ಲಿ ಹೋರಿ ಚೇತರಿಸಿಕೊಂಡು ಹುರುಪಾಗಿ ಹಾರುತ್ತಿರುತ್ತದೆ. ಬೈಗುಳ ಮಾತ್ರ ಹಸುವಿಗೆ!

ಆದ್ದರಿಂದ ಹೋರಿಯನ್ನು ನೆರಳಲ್ಲಿ ಕಟ್ಟಿ, ಕುಡಿಯಲು ಧಾರಾಳವಾಗಿ ನೀರು ಕೊಡಿ. ಜ್ವರ ಬಂದು ಹೋದ ಹೋರಿಗೆ ಎರಡು ತಿಂಗಳು ಬಿಡುವು ಕೊಡಿ. ವೃಷಣ ಒಂದು ದಪ್ಪ, ಒಂದು ಸಣ್ಣ ಆಗಿದ್ದರೆ, ಬಾವು ಇದ್ದರೆ, ಪಶುವೈದ್ಯರಿಗೆ ತೋರಿಸಿ, ವೀರ್ಯ ಪರೀಕ್ಷೆ ಮಾಡಿಸಿ. ಜೊತೆಗೆ ಹಸುವಿನ ಗರ್ಭಕೋಶವನ್ನೂ ತೋರಿಸಿ.

ಹಾಲು ಕೊಡುವ ಹಸುವನ್ನು ಸಂತೆಗೆ ಹೊಡೆಯುವುದು ಒಂದು ದಿನದ ಕೆಲಸ, ಅಂಥದನ್ನು ಮತ್ತೆ ಕಟ್ಟುವುದಕ್ಕೆ ವರ್ಷಗಳು ಬೇಕು. ಹಗ್ಗ ಬಿಚ್ಚುವ ಮೊದಲು ಹೋರಿಯ ಕಡೆಗೂ ಒಮ್ಮೆ ನೋಡಿ.