ಹೆಸರು ಆಮೇಲೆ, ದಾರ ಮೊದಲು

ಮೈಸೂರಿನ ಈಶಾನ್ಯ ಅಂಚಿನ ಕೆಸರೆಯಿಂದ ಶ್ರೀರಂಗಪಟ್ಟಣದ ಕಾವೇರಿಗೆ ಬಹಳ ದೂರವಿಲ್ಲ. ಕಬಿನಿ ನಗರದ ಇನ್ನೊಂದು ಮಗ್ಗುಲಿಗಿದೆ. ಈ ಎರಡು ನದಿಗಳಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ರೀಲು ಕಟ್ಟಿದ ಗಾಳದಿಂದ ದೊಡ್ಡ ಮೀನು ಹಿಡಿದಿದ್ದಾರೆ. ಹಾಗಾಗಿ ಈ ಸೀಮೆಯ ಹಳೆಯ ಮನೆಯ ಅಟ್ಟ ಖಾಲಿಯಾಗಿ ಸಾಮಾನು ಕೆಸರೆಯ ಕಡೆಯ ಯಾವುದಾದರೂ ಗುಜರಿ ತಕ್ಕಡಿಗೆ ಬಿದ್ದಾಗ, ಹಿತ್ತಾಳೆ ಚೊಂಬು, ಬೀಗಗಳ ನಡುವೆ ಅಂಗೈಯಗಲದ ಒಂದು ಚಕ್ರ ಸಿಕ್ಕರೆ ಆಶ್ಚರ್ಯವೇನಿಲ್ಲ. ಪಕ್ಕದಲ್ಲಿ ಪುಟ್ಟ ಹಿಡಿ, ಕೆಳಗೆ ಎರಡೂ ತುದಿ ತೆಳುವಾದ ಉದ್ದನೆಯ ಲೋಹದ ಪಟ್ಟಿ. ಈ ಪಟ್ಟಿಯೇ ಮೊದಲ ಗುರುತು. ಗಾಳದ ಕೋಲಿಗೆ ಅದನ್ನು ಒತ್ತಿ ಹಿಡಿದು ಉಂಗುರದಿಂದ ಬಿಗಿಯುತ್ತಾರೆ, ರೀಲಿನ ಪಾದ ಅದು. ವಸ್ತು ಕೈಗೆ ಬಂದ ಕೂಡಲೇ ಬಹುತೇಕರು ಹುಡುಕುವುದು ಕಂಪನಿಯ ಹೆಸರನ್ನು. ಅದು ತಪ್ಪು ತುದಿಯಿಂದ ಶುರುಮಾಡಿದ ಹಾಗೆ ಎಂಬುದು ನನ್ನ ವಾದ. ದಾರ ಹೇಗೆ ಬಿಚ್ಚಿಕೊಳ್ಳುತ್ತದೆ, ಓಡುವ ಮೀನನ್ನು ಯಾವುದು ತಡೆಯುತ್ತದೆ ಎಂಬ ಎರಡು ಪ್ರಶ್ನೆ ಮೊದಲು ಕೇಳಬೇಕು. ಹೆಸರು ಸುಳ್ಳು ಹೇಳಬಹುದು, ಯಂತ್ರಕ್ಕೆ ಅದು ಬಾರದು.

ಹೆಸರು ದಾರಿ ತಪ್ಪಿಸುವುದು ಹೇಗೆಂದರೆ, ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್, ರೆಡ್ಡಿಚ್ ಕಡೆಯ ಕಾರ್ಖಾನೆಗಳು ರೀಲುಗಳನ್ನು ಸಗಟಾಗಿ ತಯಾರಿಸಿ ಕೊಡುತ್ತಿದ್ದವು, ಮಾರುವ ಅಂಗಡಿಯವರು ತಮ್ಮ ಹೆಸರನ್ನು ಅಚ್ಚೊತ್ತಿಸಿಕೊಳ್ಳುತ್ತಿದ್ದರು. ಹಾಗಾಗಿ ಒಂದೇ ಕೈಕೆಲಸದ ಮೇಲೆ ಹತ್ತಾರು ಊರಿನ ಹೆಸರು ಕಾಣುತ್ತದೆ. ಯಂತ್ರದ ಮಾತು ಬೇರೆ. ರೀಲು ಮಾಡಿದವರೆಲ್ಲ ಎದುರಿಸಿದ್ದು ಎರಡೇ ತೊಂದರೆಗಳನ್ನು: ಸಿಕ್ಕು ಮತ್ತು ತಿರುಚು. ದಾರ ಸುತ್ತಿದ ಉರುಳೆ ತಾನೇ ತಿರುಗಿ ದಾರ ಬಿಡುವಂತಿದ್ದರೆ, ಗಾಳ ನೀರಿಗೆ ಬಿದ್ದು ನಿಂತ ಮೇಲೂ ಉರುಳೆ ತನ್ನ ವೇಗದಲ್ಲಿ ತಿರುಗುತ್ತಲೇ ಇರುತ್ತದೆ, ದಾರ ಗೂಡುಗಟ್ಟಿ ಸಿಕ್ಕಾಗುತ್ತದೆ. ಉರುಳೆಯನ್ನು ಅಲುಗದಂತೆ ನಿಲ್ಲಿಸಿ ಅದರ ಅಂಚಿನ ಮೇಲಿಂದ ದಾರ ಜಾರಲು ಬಿಟ್ಟರೆ ಸಿಕ್ಕಿಲ್ಲ, ಆದರೆ ಬಿಚ್ಚುವ ಪ್ರತಿ ಸುತ್ತಿಗೂ ದಾರಕ್ಕೊಂದು ತಿರುಚು ಸೇರುತ್ತದೆ. ಇವೆರಡರಲ್ಲಿ ಯಾವುದನ್ನು ಸಹಿಸಿಕೊಂಡು ಯಾವುದನ್ನು ತಪ್ಪಿಸಿದ್ದಾರೆ ಎಂದು ನೋಡಿದರೆ ವಿಚಿತ್ರವಾಗಿ ಕಾಣುವ ರೀಲಿನ ಗುಟ್ಟೂ ಬಿಡಿಸಿಕೊಳ್ಳುತ್ತದೆ.

ಇದಕ್ಕೆ ಅತ್ಯುತ್ತಮ ಸಾಕ್ಷಿ ಸ್ಕಾಟ್ಲೆಂಡಿನ ಪರ್ತ್ ಊರಿನ ಪೀಟರ್ ಡಂಕನ್ ಮ್ಯಾಲಕ್ 1884ರಲ್ಲಿ ಪೇಟೆಂಟ್ ಪಡೆದ ರೀಲು. ನೋಡಿದರೆ ಸಾಮಾನ್ಯ ಹಿತ್ತಾಳೆ ರೀಲಿನಂತೆಯೇ ಇದೆ, ಆದರೆ ಪಾದದ ಮೇಲೊಂದು ತಿರುಗಣೆ ಇರುವುದರಿಂದ ಇಡೀ ಉರುಳೆ ಕಾಲುಸುತ್ತು ಹೊರಳುತ್ತದೆ. ಗಾಳ ಬೀಸುವಾಗ ಉರುಳೆಯ ಬಾಯಿ ಕೋಲಿನ ತುದಿಯ ಕಡೆಗೆ, ದಾರ ಅಂಚಿನಿಂದ ಜಾರುತ್ತದೆ. ಸುತ್ತುವಾಗ ಅದನ್ನು ಮತ್ತೆ ಅಡ್ಡಕ್ಕೆ ಹೊರಳಿಸಿದರೆ ಮಾಮೂಲಿ ರಾಟೆ. ಸಿಕ್ಕು ತಪ್ಪಿತು, ತಿರುಚು ಉಳಿಯಿತು. ಅದಕ್ಕಾಗಿಯೇ ಕೆಲವು ಮಾದರಿಗಳಲ್ಲಿ ಉರುಳೆಯನ್ನು ಬಿಚ್ಚಿ ಹಿಂದುಮುಂದಾಗಿ ಕೂರಿಸಲು ಬರುತ್ತದೆ: ಒಂದಷ್ಟು ಸಲ ಹೀಗೆ, ಒಂದಷ್ಟು ಸಲ ಹಾಗೆ ಬೀಸಿದರೆ ತಿರುಚು ತಾನೇ ಕಳೆಯುತ್ತದೆ. ಇದನ್ನು ತಿಳಿಯದವರು ಸಡಿಲ ತಿರುಗಣೆಯನ್ನು ಮುರಿದ ಭಾಗ ಎಂದುಕೊಂಡು ಬೆಸುಗೆ ಹಾಕಿಸಿದರೆ ರೀಲಿನ ಜೀವವೇ ಹೋಯಿತು. ಮುಂದೆ 1905ರಲ್ಲಿ ಆಲ್ಫ್ರೆಡ್ ಹೋಲ್ಡನ್ ಇಲಿಂಗ್‌ವರ್ತ್ ಉರುಳೆಯನ್ನು ಕಾಯಂ ಆಗಿ ಕೋಲಿಗೆ ನೇರವಾಗಿ ನಿಲ್ಲಿಸಿ, ಅದರ ಸುತ್ತ ತಿರುಗುವ ಕೊಕ್ಕೆಯಿಂದ ದಾರ ಸುತ್ತಿಸಿದರು. ಆ ಕೊಕ್ಕೆ ಪೂರ್ಣ ಕಮಾನಿನ ತಂತಿಯಾಗಿ ಬೆಳೆದು 1932ರಲ್ಲಿ ಹಾರ್ಡಿ ಕಂಪನಿಯ ಆಲ್ಟೆಕ್ಸ್ ಬಂತು. ಇಂದು ಕ್ರೀಡಾ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುವ ಮಾಮೂಲಿ ರೀಲು ಇದರದೇ ಸಂತಾನ.

ತಿರುಗುವ ಉರುಳೆಯ ವಂಶವೂ ಸುಮ್ಮನೆ ಕೂರಲಿಲ್ಲ. ನಾಟಿಂಗ್‌ಹ್ಯಾಮ್ ರೀಲು ಮರದ್ದು. ನೀರು ಕುಡಿದು ಮರ ಸೊಟ್ಟಗಾಗದಿರಲೆಂದು ಬೆನ್ನಿಗೆ ನಕ್ಷತ್ರಾಕಾರದ ಹಿತ್ತಾಳೆ ಪಟ್ಟಿ ಹೊಡೆದಿರುತ್ತಾರೆ, ಅಲಂಕಾರಕ್ಕಲ್ಲ. ಹಾರ್ಡಿಯವರು 1891ರಲ್ಲಿ ತಂದ ಪರ್ಫೆಕ್ಟ್ ರೀಲಿನಲ್ಲಿ ಉರುಳೆ ಮತ್ತು ಚೌಕಟ್ಟಿನ ನಡುವೆ ಬಾಲ್ ಬೇರಿಂಗ್ ಇದೆ. ಒಳಗೆ ಹಲ್ಲುಚಕ್ರದ ಮೇಲೆ ಸ್ಪ್ರಿಂಗ್ ಒತ್ತಿ ಹಿಡಿದ ಒಂದು ತಡೆಹಲ್ಲು. ಮೀನು ಓಡಿದಾಗ ಕಿರ್ರೆನ್ನುವುದು ಅದೇ. ಅಮೆರಿಕದ ಕೆಂಟಕಿಯಲ್ಲಿ 19ನೇ ಶತಮಾನದ ಆರಂಭದಲ್ಲಿ ಜಾರ್ಜ್ ಸ್ನೈಡರ್ ಎಂಬ ಅಕ್ಕಸಾಲಿ, ಹಿಡಿಯ ಒಂದು ಸುತ್ತಿಗೆ ಉರುಳೆ ನಾಲ್ಕು ಸುತ್ತು ತಿರುಗುವ ಗೇರಿನ ರೀಲು ಕಟ್ಟಿದ. ಹಿಡಿಯ ಬುಡದಲ್ಲಿ ನಕ್ಷತ್ರದಂಥ ತಿರುಪು ಕಂಡರೆ ಅದು 20ನೇ ಶತಮಾನದ್ದು. ಆ ತಿರುಪು ಬಿಗಿದಂತೆ ಒಳಗಿನ ವಾಷರುಗಳು ಒತ್ತಿಕೊಂಡು, ಮೀನು ದಾರ ಎಳೆದರೂ ಹಿಡಿ ತಿರುಗದು, ಬೆರಳ ಗೆಣ್ಣು ಉಳಿಯುತ್ತದೆ. ಗಡಿಯಾರದಂತೆ ಕೀ ಕೊಟ್ಟು, ಸನ್ನೆ ಒತ್ತಿದರೆ ದಾರ ತಾನೇ ಸುತ್ತಿಕೊಳ್ಳುವ ಸ್ಪ್ರಿಂಗ್ ರೀಲುಗಳೂ ಇವೆ. ಅವು ಸಣ್ಣ ಮೀನಿನ ತೊರೆಗೆ ಸೈ, ನಮ್ಮ ನದಿಗಳ ಮೀನಿಗೆ ಸಾಲವು.

ನಮ್ಮ ನದಿಗಳ ಮೀನೆಂದರೆ ಮಹಶೀರ್, ಕಾವೇರಿ ದಡದವರ ಬಿಳಿ ಮೀನು. ಇದನ್ನು ಹಿಡಿಯುವ ಬಗೆಯನ್ನು ವಿವರಿಸಿದ ಎಚ್. ಎಸ್. ಥಾಮಸ್ ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. 1946ರಲ್ಲಿ, ಕಬಿನಿಗೆ ಅಣೆಕಟ್ಟು ಬರುವ ಮೊದಲು, ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧನ ಸಂಸ್ಥೆಯ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಆ ನದಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತು. ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ಅದೇ ದಾಖಲೆ. ಇಂಥ ಮೀನು ಗಾಳ ಕಚ್ಚಿದ ಕೂಡಲೇ ಸೆಳವಿನ ಜತೆ ಬಂಡೆಗಳ ನಡುವೆ ಕೆಳಕ್ಕೆ ಓಡುತ್ತದೆ, ಬಂಡೆಯ ಮೇಲೆ ನಿಂತವರು ಹಿಂದೆ ಓಡಲಾರರು, ಹರಿಗೋಲು ಹತ್ತಬೇಕು. ಆದ್ದರಿಂದ ಇಲ್ಲಿ ಬಳಸಿದ ರೀಲಿಗೆ ದಾರ ಹೇರಳವಾಗಿ ಹಿಡಿಸಬೇಕು, ತಡೆ ಹದವಾಗಿರಬೇಕು. ರೇಷ್ಮೆ ದಾರದ ಕಾಲದ ನಾಲ್ಕಿಂಚಿಗೂ ಮಿಕ್ಕ ಅಗಲದ ಉರುಳೆ, ಆಮೇಲಿನ ನೈಲಾನ್ ಕಾಲದ ಗೇರು ರೀಲು, ಎರಡೂ ಇದನ್ನೇ ಹೇಳುತ್ತವೆ. ಮೆತ್ತನೆಯ ರಾಗಿ ಉಂಡೆಯನ್ನು ಗಾಳಕ್ಕೆ ಮೆತ್ತಿ ಹಾಕುವ ಕಾವೇರಿಯ ಪದ್ಧತಿಯಲ್ಲಿ ಬಹುದೂರ ಬೀಸಬೇಕಾದ ಪ್ರಮೇಯವೂ ಕಡಿಮೆ, ಜೋರಾಗಿ ಬೀಸಿದರೆ ಉಂಡೆ ಗಾಳಿಯಲ್ಲೇ ಒಡೆಯಬಹುದು. ಹಾಗಾಗಿ ಸಿಕ್ಕಿನ ಭಯಕ್ಕಿಂತ ತಡೆಯ ಬಲವೇ ಮುಖ್ಯವಾಯಿತು.

ಬೆಲೆ ಕಟ್ಟುವುದು ಹೆಸರಲ್ಲವೇ ಎಂದು ಕೇಳುವವರಿದ್ದಾರೆ. ಪೇಟೆಯ ಮಟ್ಟಿಗೆ ನಿಜ. ಆದರೆ ಹಾರ್ಡಿ ಎಂಬ ಅಚ್ಚೊಂದೇ ವಯಸ್ಸು ಹೇಳದು. ಪರ್ಫೆಕ್ಟ್ ರೀಲು ದಶಕಗಟ್ಟಲೆ ತಯಾರಾಯಿತು. ಮೈಯೆಲ್ಲ ಹಿತ್ತಾಳೆಯೋ, ಹಿಡಿ ದಂತದ್ದೋ, ಒಳಗಿರುವುದು 1912ರ ತಡೆಯೋ 1917ರದ್ದೋ ಎಂದು ಬಿಚ್ಚಿ ನೋಡಿಯೇ ಸಂಗ್ರಾಹಕರು ಕಾಲ ಹೇಳುವುದು. ಹೆಸರಿನ ಬೆಲೆಯನ್ನೂ ಕೊನೆಗೆ ಖಚಿತಪಡಿಸುವುದು ಯಂತ್ರವೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ದೊರೆಗಳ ಮೋಜಿನ, ಮೀನಿನ ಪ್ರಾಣ ತೆಗೆಯುವ ಸಲಕರಣೆಯನ್ನು ಜೋಪಾನ ಮಾಡುವುದೇಕೆ? 2012ರ ಹೊತ್ತಿಗೆ ಕಾವೇರಿ ವನ್ಯಧಾಮದ ಶಿಬಿರಗಳಲ್ಲಿ ಗಾಳ ಹಾಕುವುದೂ ನಿಂತಿತು. ಮೋಜು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ, ಹಿಡಿದು ಬಿಟ್ಟ ಮೀನುಗಳ ಲೆಕ್ಕವನ್ನು ಗಾಳಗಾರರು ಬರೆದಿಡದೆ ಹೋಗಿದ್ದರೆ, ಕಾವೇರಿಯದೇ ಆದ ಡುಬ್ಬದ ಮಹಶೀರ್ ಕುಸಿಯುತ್ತಿದೆ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಿದೆ ಎಂಬುದು ವಿಜ್ಞಾನಿಗಳಿಗೆ ಗೊತ್ತಾಗುತ್ತಿರಲಿಲ್ಲ. ಆ ಡುಬ್ಬದ ಮೀನು ಟಾರ್ ರೆಮಾದೇವಿ ಎಂದು 2018ರಲ್ಲಿ ಖಚಿತವಾಯಿತು, ಅಳಿವಿನ ಅಂಚಿನ ಜೀವಿಗಳ ಸಾಲಿಗೂ ಸೇರಿತು. ರೀಲೊಂದೇ ಎಷ್ಟು ಮೀನು ಸಿಕ್ಕಿತೆಂದು ಹೇಳದು, ಒಪ್ಪುತ್ತೇನೆ. ಯಾವ ಗಾತ್ರದ ಮೀನನ್ನು ನಿರೀಕ್ಷಿಸಿ ನದಿಗೆ ಇಳಿಯುತ್ತಿದ್ದರು ಎಂಬುದನ್ನು ಮಾತ್ರ ಹೇಳುತ್ತದೆ. ಯಾರದು, ಯಾವ ನದಿಯದು ಎಂಬ ಚೀಟಿ ಜತೆಗಿದ್ದರೆ ಅದು ದಾಖಲೆಯೇ.

ಆದ್ದರಿಂದ ಸಿಕ್ಕ ರೀಲನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ತೆಳುವಾದ ಅಚ್ಚು, ಮೂಲದ ಕಪ್ಪು ಲೇಪ ಎರಡೂ ಹೋಗುತ್ತವೆ. ಒಣಬಟ್ಟೆಯಿಂದ ಒರೆಸಿ, ಅಚ್ಚುಗೂಟಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ. ಉರುಳೆಯಲ್ಲಿ ಹಳೆಯ ದಾರ ಉಳಿದಿದ್ದರೆ ಬಿಸಾಡಬೇಡಿ, ರೇಷ್ಮೆಯೋ ನೈಲಾನೋ ಎಂಬುದರಿಂದಲೇ ಕೊನೆಯ ಬಾರಿ ಅದು ಯಾವ ಕಾಲದಲ್ಲಿ ನದಿಗೆ ಹೋಯಿತೆಂದು ತಿಳಿಯಬಹುದು. ಪಾದದ ತುದಿಯನ್ನು ಅರದಿಂದ ಉಜ್ಜಿ ಸಣ್ಣದು ಮಾಡಿದ್ದರೆ ಕೊಳ್ಳುವವರು ಬೆಲೆ ಇಳಿಸುತ್ತಾರೆ, ಇಳಿಸಲಿ. ಬೇರೆ ಕೋಲಿಗೆ ಕೂರಲೆಂದು ಯಾರೋ ಹಾಗೆ ಉಜ್ಜಿದ್ದಾರೆ, ಅಂದರೆ ಅದು ಗಾಜಿನ ಬೀರುವಿನಲ್ಲಿ ಕೂತಿದ್ದ ರೀಲಲ್ಲ.