ಮ್ಯಾಡ್ರಿಡ್‌ನ ಬಟಾಟಿಗೆ ಬ್ಯಾಡಗಿಯ ಬಣ್ಣ

ಗಡಿಯಲ್ಲಿ ಬಾಳುವ ನಮಗೆ ಒಂದೇ ಗಡ್ಡೆಗೆ ನಾಕು ಹೆಸರು. ಸೊಲ್ಲಾಪುರ, ಜತ್ತ ಕಡೆ ಬಟಾಟಿ, ಆದೋನಿ ಪೇಟೆಯಲ್ಲಿ ಬಂಗಾಳದುಂಪ, ತಾಳವಾಡಿ ಸಂತೆಯಲ್ಲಿ ಉರುಳೈಕಿಳಂಗು, ಉಳಿದವರಿಗೆ ಆಲೂಗಡ್ಡೆ. ಇವುಗಳಲ್ಲಿ ಬಟಾಟಿ ಎಂಬುದು ಪೋರ್ಚುಗೀಸರು ಬಿಟ್ಟುಹೋದ ಹೆಸರು. ಸ್ಪೇನಿನವರು ‘ಪಟಾಟ’ ಅಂತಾರೆ. ಅವರ ರಾಜಧಾನಿ ಮ್ಯಾಡ್ರಿಡ್‌ನ ಹೆಸರಾಂತ ಖಾರದ ತಿಂಡಿ ‘ಪಟಾಟಾಸ್ ಬ್ರಾವಾಸ್’. ‘ಬ್ರಾವ’ ಅಂದರೆ ರೋಷದ್ದು, ಉಗ್ರವಾದದ್ದು.

ಊಟಕ್ಕೆ ಮುಂಚೆ ನಾಲಿಗೆ ಚುರುಕಾಗಲಿ ಎಂದು ಸಣ್ಣ ತಟ್ಟೆಯಲ್ಲಿ ಕೊಡುವ ತಿಂಡಿಗಳಿಗೆ ಅಲ್ಲಿ ‘ತಾಪಾಸ್’ ಎನ್ನುತ್ತಾರೆ. ಇದೂ ಅಂಥದೇ ಒಂದು. ಕರಿದ ಬಟಾಟಿ ಹೋಳಿನ ಮೇಲೆ ಕೆಂಪು ಖಾರದ ಸಾರು. ಬಾರ್ಸಿಲೋನಾ ಕಡೆ ಬೆಳ್ಳುಳ್ಳಿಯ ಬಿಳಿ ಸಾರನ್ನೂ ಹಾಕ್ತಾರೆ. ಟೊಮೆಟೊ ಬೇಕೋ ಬೇಡವೋ ಎಂದು ಅವರಲ್ಲೇ ವಾದ ಮುಗಿದಿಲ್ಲ. ಮ್ಯಾಡ್ರಿಡ್‌ನ ಹಳೇ ಪದ್ಧತಿಯವರು ಬೇಡ ಅಂತಾರೆ. ನಾನೂ ಅವರ ಪಕ್ಷ.

ಮಾಡುವ ಬಗೆ

ಅರ್ಧ ಕಿಲೋ ಬಟಾಟಿ ಸಿಪ್ಪೆ ತೆಗೆದು, ಒಂದಿಂಚಿನ ಹೋಳು ಮಾಡಿ ತೊಳೆದು ಬಟ್ಟೆಯಲ್ಲಿ ಒರೆಸಿ. ನೀರಿನ ಪಸೆ ಇದ್ದರೆ ಎಣ್ಣೆ ಸಿಡಿಯುತ್ತೆ. ಮೊದಲು ಸಣ್ಣ ಉರಿಯಲ್ಲಿ ಒಳಗೆಲ್ಲ ಮೆತ್ತಗಾಗುವ ತನಕ ಕರಿದು ತೆಗೆಯಿರಿ. ಆರಿದ ಮೇಲೆ ಜೋರು ಉರಿಯಲ್ಲಿ ಇನ್ನೊಮ್ಮೆ ಕರಿಯಿರಿ. ಹೊಂಬಣ್ಣ ಬರುತ್ತೆ, ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಸ್ಪೇನಿನಲ್ಲಿ ಆಲಿವ್ ಎಣ್ಣೆ. ನಮಗೆ ಶೇಂಗಾ ಎಣ್ಣೆ ಸಾಕು.

ಸಾರಿಗೆ ಮೂರು ಚಮಚ ಎಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಒಂದು ಉಳ್ಳಾಗಡ್ಡಿ, ಎರಡು ಎಸಳು ಬೆಳ್ಳುಳ್ಳಿ ಬಾಡಿಸಿ. ಒಂದು ಚಮಚ ಮೈದಾ ಹಾಕಿ ಹಸಿವಾಸನೆ ಹೋಗುವಂತೆ ಹುರಿಯಿರಿ. ಬಾಣಲೆ ಕೆಳಗಿಳಿಸಿ, ಎರಡು ಚಮಚ ಬ್ಯಾಡಗಿ ಖಾರದಪುಡಿ, ಕಾಲು ಚಮಚ ಗುಂಟೂರು ಪುಡಿ ಕಲಸಿ. ಒಲೆಯ ಮೇಲೇ ಹಾಕಿದರೆ ಪುಡಿ ಕರಕಾಗಿ ಕಹಿಯಾಗುತ್ತೆ. ಕಾಲು ಲೀಟರ್ ಬಿಸಿನೀರು, ಉಪ್ಪು ಸೇರಿಸಿ ಹತ್ತು ನಿಮಿಷ ಕುದಿಸಿ, ಅರೆದು ಸೋಸಿ, ಒಂದು ಚಮಚ ವಿನೆಗರ್ ಬಿಡಿ. ತಿನ್ನುವ ಹೊತ್ತಿಗೇ ಹೋಳಿನ ಮೇಲೆ ಸುರಿಯಬೇಕು.

ನಮ್ಮ ದೊಡ್ಡವ್ವ ಒಂದು ಹೋಳು ಬಾಯಿಗೆ ಹಾಕ್ಕೊಂಡು, “ಇದಕ್ಕ ರೋಷ ಅಂತಾರೇನೋ ತಮ್ಮಾ? ನಮ್ಮ ರಂಜಕಾ ಇದರ ಅಜ್ಜ!” ಅಂದಳು. ತಟ್ಟೆ ಮಾತ್ರ ಖಾಲಿ ಮಾಡಿದಳು.

ಬಣ್ಣದ ಬೆಲೆ

ಆ ಸಾರಿನ ಜೀವ ‘ಪಿಮೆಂತೋನ್’ ಎಂಬ ಮೆಣಸಿನಪುಡಿ. ಪಶ್ಚಿಮ ಸ್ಪೇನಿನ ಲಾ ವೆರಾ ಎಂಬಲ್ಲಿ ಮೆಣಸಿನಕಾಯಿಯನ್ನು ಓಕ್ ಕಟ್ಟಿಗೆಯ ಹೊಗೆಯಲ್ಲಿ ದಿನಗಟ್ಟಲೆ ಒಣಗಿಸಿ ಬೀಸುತ್ತಾರೆ. ಬೇರೆ ಊರಿನ ಪುಡಿಗೆ ಆ ಹೆಸರು ಹಾಕುವಂತಿಲ್ಲ, ಕಾನೂನಿನ ರಕ್ಷಣೆ ಇದೆ. ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ನಮ್ಮ ಬ್ಯಾಡಗಿ ಅದಕ್ಕೆ ಹತ್ತಿರದ ನಂಟ. 2011ರಲ್ಲಿ ಅದಕ್ಕೂ ಭೌಗೋಳಿಕ ಗುರುತು ಸಿಕ್ಕಿತು. ಹೊಗೆಯ ವಾಸನೆ ಬೇಕಾದವರು ಸಾರಿನ ಪಾತ್ರೆಯೊಳಗೆ ಬಟ್ಟಲಲ್ಲಿ ಕೆಂಡ ಇಟ್ಟು, ಎರಡು ಹನಿ ಎಣ್ಣೆ ಬಿಟ್ಟು ಐದು ನಿಮಿಷ ಮುಚ್ಚಿಡಿ.

ಆದರೆ ಬಣ್ಣ ಕಾಯಿಯಿಂದಲೇ ಬರಬೇಕು. 2003ರಲ್ಲಿ ಫ್ರಾನ್ಸಿನವರು ಭಾರತದಿಂದ ಹೋದ ಮೆಣಸಿನ ಸರಕಿನಲ್ಲಿ ಸುಡಾನ್-1 ಎಂಬ ಕಾರ್ಖಾನೆ ಬಣ್ಣ ಕಂಡರು. ಅದು ತಿನ್ನತಕ್ಕದ್ದಲ್ಲ. ಅದೇ ವರ್ಷ ಐರೋಪ್ಯ ಒಕ್ಕೂಟ ಪರೀಕ್ಷೆಯ ಪತ್ರ ಇಲ್ಲದ ಮೆಣಸಿನ ಸರಕು ಒಳಗೆ ಬಿಡಬಾರದೆಂದು ಆಜ್ಞೆ ಮಾಡಿತು. ಬಣ್ಣ ಬೆರೆಸಿದವನು ಯಾರೋ, ಅನುಮಾನ ಬಿದ್ದದ್ದು ಕಷ್ಟಪಟ್ಟು ಬೆಳೆದ ರೈತನ ಚೀಲದ ಮೇಲೆ.

ಅದಕ್ಕೇ ಹೇಳೋದು: ಪುಡಿ ಕೊಳ್ಳಬೇಡಿ, ಕಾಯಿ ಕೊಳ್ಳಿ. ಬಿಸಿಲಿಗೆ ಹಾಕಿ, ತೊಟ್ಟು ಮುರಿದು, ಕಣ್ಣೆದುರೇ ಗಿರಣಿಯಲ್ಲಿ ಬೀಸಿಸಿ. ಮಾರುವವರೂ ಅದೇ ಪುಡಿ ಮಾರಲಿ. ಬಟಾಟಿಗೆ ಯಾವ ಭಾಷೆಯ ಹೆಸರಾದರೂ ಇರಲಿ, ಮೆಣಸಿನಕಾಯಿಯ ಹೆಸರು ಮಾತ್ರ ಕೆಡಬಾರದು.